ಸೆರೆಯಾಳಿಗೆ ಸಂದ ಕತ್ತಿ

ಶ್ರೀರಂಗಪಟ್ಟಣಕ್ಕೆ ಹೋದವರು ಶ್ರೀರಂಗನಾಥನ ದರ್ಶನವಾದ ಮೇಲೆ, ಟಿಪ್ಪು ಸುಲ್ತಾನನ ದೇಹ ದೊರೆತ ಸ್ಥಳವನ್ನು ಕಂಡು, ಕೋಟೆಯ ಗೋಡೆಯ ಮಗ್ಗುಲಲ್ಲಿ ತಗ್ಗಾಗಿರುವ ಕಮಾನುಗಳ ಒಂದು ಸೆರೆಮನೆಗೆ ಇಳಿಯುವುದು ವಾಡಿಕೆ. ಅದಕ್ಕೆ ಕರ್ನಲ್ ಬೈಲಿಯ ಹೆಸರು ಅಂಟಿಕೊಂಡಿದೆ. ಬೈಲಿಯು ಈ ಊರಿನಲ್ಲಿ ಸೆರೆಯಾಳಾಗಿದ್ದು 1782ರ ನವೆಂಬರಿನಲ್ಲಿ ಇಲ್ಲಿಯೇ ಪ್ರಾಣಬಿಟ್ಟನು. ಅವನ ಬಂಧುವೊಬ್ಬನು 1816ರಲ್ಲಿ ಕಟ್ಟಿಸಿದ ಸ್ಮಾರಕ ಗುಂಬಜಿನ ಸಮೀಪದಲ್ಲಿ ಇಂದಿಗೂ ನಿಂತಿದೆ. ಸತ್ತವನ ಹೆಸರು ಹೀಗೆ ಊರಿನಲ್ಲಿ ಉಳಿಯಿತು. ಅವನೊಡನೆಯೇ ಸೆರೆಬಿದ್ದು, ಇದೇ ದ್ವೀಪದಲ್ಲಿ ಮೂರು ವರ್ಷಗಳಿಗೂ ಮಿಕ್ಕಿ ಕಾಲಿಗೆ ಬೇಡಿ ತೊಟ್ಟು ಕಳೆದು, ಬದುಕಿ ಹೊರಟು, ಹದಿನೈದು ವರ್ಷಗಳ ತರುವಾಯ ಅದೇ ಕೋಟೆಯ ಗೋಡೆಯನ್ನು ಕತ್ತಿ ಹಿಡಿದು ಹತ್ತಿದವನೊಬ್ಬನುಂಟು. ಅವನೇ ಡೇವಿಡ್ ಬೇರ್ಡ್. ಇವನ ಹೆಸರನ್ನು ನಮ್ಮ ಇತಿಹಾಸದ ಪುಸ್ತಕಗಳು 1799ರ ಮೇ 4ನೆಯ ತಾರೀಖಿನ ಪುಟದಲ್ಲಿ ತಪ್ಪದೆ ಹೇಳುತ್ತವೆ; ಅದರ ಹಿಂದುಮುಂದಿನ ಬಾಳನ್ನು ಹೇಳುವುದು ವಿರಳ. ಆ ಬಾಳಿನ ನಟ್ಟನಡುವೆ ಒಂದು ಕತ್ತಿಯಿದೆ. ಅದು ಬೇರ್ಡ್ ಮನೆತನದಲ್ಲಿ ತಲೆಯಿಂದ ತಲೆಗೆ ಇಳಿದು ಬಂದ ಕತ್ತಿ. ಆದರೆ ಆ ಮನೆತನದ ಯಾರೊಬ್ಬರೂ ಅದನ್ನು ಹಿಡಿದು ಯುದ್ಧ ಮಾಡಲಿಲ್ಲ. ಅದನ್ನು ಮಾಡಿಸಿದ ಮನೆತನಕ್ಕೆ ಅದು ದಕ್ಕಲಿಲ್ಲ.

ಬೇರ್ಡನು ಹುಟ್ಟಿದ್ದು ಸ್ಕಾಟ್ಲೆಂಡಿನ ನ್ಯೂಬೈತ್ ಎಂಬಲ್ಲಿ, 1757ರ ಡಿಸೆಂಬರ್ 6ರಂದು. ತಂದೆ ವಿಲಿಯಂ ಬೇರ್ಡನು ಎಡಿನ್‌ಬರೋ ನಗರದ ವರ್ತಕ. ದೂರದ ದಾಯಾದಿಯೊಬ್ಬನಿಂದ ನ್ಯೂಬೈತಿನ ಜಹಗೀರು ಅವನ ಪಾಲಿಗೆ ಬಂದಿತ್ತು. ಮಕ್ಕಳು ಹಲವರು, ಡೇವಿಡ್ ಹಿರಿಯನಲ್ಲ. ಆ ದೇಶದ ಪದ್ಧತಿಯಂತೆ ಮನೆ, ಹೊಲ, ಮನೆಯೊಳಗಿನ ಹಿರಿಯರ ಚಿತ್ರಪಟಗಳು, ಗೋಡೆಗೆ ತೂಗುಹಾಕಿದ ಆಯುಧಗಳು ಇವೆಲ್ಲ ಹಿರಿಯ ಮಗನಿಗೆ ಸಲ್ಲತಕ್ಕವು. ಕಿರಿಯರಿಗೆ ಸೇನೆ, ಮಠ, ಇಲ್ಲವೆ ಹಡಗು ಹತ್ತಿ ಪರದೇಶ. ಡೇವಿಡ್ ಬೇರ್ಡನು ಹದಿನೈದರ ಪ್ರಾಯದಲ್ಲಿ, 1772ರಲ್ಲಿ, ಸೇನೆ ಸೇರಿದನು. ಆಳು ಎತ್ತರ, ಮೈಕಟ್ಟು ದೃಢ, ಕೋಪ ಮೂಗಿನ ತುದಿಯಲ್ಲಿ. 1778ರಲ್ಲಿ ಲಾರ್ಡ್ ಮ್ಯಾಕ್ಲಿಯಾಡ್ ಎಂಬವನು ಸ್ಕಾಟ್ಲೆಂಡಿನ ಬೆಟ್ಟಸೀಮೆಯ ಜನರನ್ನು ಕೂಡಿಸಿ ಹೊಸ ಪಲ್ಟನೊಂದನ್ನು ಎಬ್ಬಿಸಿದಾಗ ಬೇರ್ಡನು ಅದರಲ್ಲಿ ಕ್ಯಾಪ್ಟನ್ ಆದನು. ಆ ಪಲ್ಟನು 1780ರ ಜನವರಿಯಲ್ಲಿ ಮದರಾಸಿನಲ್ಲಿ ಇಳಿಯಿತು. ಆರು ತಿಂಗಳು ಕಳೆಯುವಷ್ಟರಲ್ಲಿ ಹೈದರಾಲಿಯ ದಂಡು ಘಟ್ಟವಿಳಿದು ಕರ್ನಾಟಿಕ್ ಸೀಮೆಯನ್ನು ತುಂಬಿತು.

ಆಮೇಲಿನ ಸಂಗತಿ ಎಲ್ಲರಿಗೂ ವಿದಿತ. ಹೆಕ್ಟರ್ ಮನ್ರೋವಿನ ಮುಖ್ಯ ಸೈನ್ಯ ಕಂಚಿಯಲ್ಲಿ. ಬೈಲಿಯ ತುಕಡಿ ಅದನ್ನು ಸೇರಲೆಂದು ಉತ್ತರದಿಂದ ನಡೆದು ಬರುತ್ತಿತ್ತು. ನಡುವೆ ಟಿಪ್ಪು ಅಡ್ಡಬಿದ್ದನು. ಬೈಲಿಗೆ ನೆರವಾಗಿ ಮನ್ರೋ ರಾತ್ರೋರಾತ್ರಿ ಕಳುಹಿಸಿದವರಲ್ಲಿ ಬೇರ್ಡನೂ ಒಬ್ಬ. ಸೆಪ್ಟೆಂಬರ್ 10ರ ಬೆಳಗ್ಗೆ ಪೊಲ್ಲಿಲೂರಿನ ಬಯಲಿನಲ್ಲಿ ಸುಮಾರು 3,800 ಜನರ ಆ ತುಕಡಿಯನ್ನು ತಂದೆಮಕ್ಕಳ ಸೈನ್ಯ ನಾಲ್ಕೂ ದಿಕ್ಕಿನಿಂದ ಮುತ್ತಿತು. ಮದ್ದಿನ ಬಂಡಿಗಳು ಸಿಡಿದವು. ಮೈಸೂರಿನ ಬಾಣಗಳು ಸಾಲುಸಾಲಾಗಿ ಬಂದು ಬಿದ್ದವು. ಕುದುರೆಯ ದಂಡು ಮೇಲೇರಿ ಬಂದಿತು. ಕುಂಪಣಿಯವರಿಗೆ ಭಾರತದಲ್ಲಿ ಅದುವರೆಗೆ ಅಂಥ ಸೋಲು ಒದಗಿರಲಿಲ್ಲ. ಗಾಯಗಳಿಂದ ಕೆಳಗುರುಳಿ ಹೆಣಗಳ ನಡುವೆ ಬಿದ್ದಿದ್ದ ಬೇರ್ಡನನ್ನು ಮೈಸೂರಿನವರು ಸೆರೆಹಿಡಿದರು. ತಲೆಯಲ್ಲಿ ಕತ್ತಿಯ ಗಾಯ, ತೋಳಿನಲ್ಲಿ ಈಟಿಯ ಗಾಯ, ತೊಡೆಯಲ್ಲಿ ಗುಂಡು. ಅವನಿಗೆ ಆಗ ಇಪ್ಪತ್ತಮೂರು ತುಂಬಿರಲಿಲ್ಲ. ಗೆದ್ದ ಟಿಪ್ಪುವೂ ಮೂವತ್ತರೊಳಗಿನವನೇ. ಆ ಬಯಲಿನ ಗೆಲವನ್ನು ಟಿಪ್ಪು ಮರೆಯಲಿಲ್ಲ. ತನ್ನ ದರಿಯಾ ದೌಲತ್ತಿನ ಪಶ್ಚಿಮದ ಗೋಡೆಯ ಮೇಲೆ ಅದನ್ನು ಉದ್ದಕ್ಕೂ ಬರೆಸಿದನು. ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿರುವ ಬೈಲಿಯನ್ನು ನಾವು ಅಲ್ಲಿ ಕಾಣುತ್ತೇವೆ. ಕೆಂಪಂಗಿಯ ಸಾಲಿನಲ್ಲಿ ನಿಂತು ಸೋತವರ ಪೈಕಿ ಬೇರ್ಡನೂ ಒಬ್ಬನೆಂಬುದನ್ನು ಆ ಚಿತ್ರದ ಮುಂದೆ ನಿಂತವರು ನೆನೆಯುವುದು ಕಡಿಮೆ.

ಸೆರೆಯಾಳುಗಳನ್ನು ಶ್ರೀರಂಗಪಟ್ಟಣಕ್ಕೆ ತಂದರು. ಕೆಲಕಾಲವಾದ ಮೇಲೆ ಕಾಲಿಗೆ ಬೇಡಿ ಹಾಕಬೇಕೆಂಬ ಆಜ್ಞೆ ಬಂದಿತು. ಈ ಪ್ರಸಂಗವನ್ನು ಬೇರ್ಡನ ಚರಿತ್ರೆ ಬರೆದ ಥಿಯೋಡರ್ ಹುಕ್ ವಿವರವಾಗಿ ಹೇಳಿದ್ದಾನೆ. ಬೇರ್ಡನ ಕಾಲಿನ ಗಾಯ ಇನ್ನೂ ಮಾದಿರಲಿಲ್ಲ. ಬೇಡಿ ಹಾಕಿದರೆ ಅವನು ಉಳಿಯಲಾರನೆಂದು ಜೊತೆಯವರು ಬೇಡಿಕೊಂಡರು. ಆಜ್ಞೆ ತಂದ ಅಧಿಕಾರಿ ನಿಸ್ಸಹಾಯಕ. ಇಷ್ಟು ಜನಕ್ಕೆ ಇಷ್ಟು ಜೊತೆ ಬೇಡಿಯೆಂದು ಮೇಲಿನಿಂದ ಲೆಕ್ಕಮಾಡಿ ಕಳುಹಿಸಿದ್ದಾರೆ, ಒಂದು ಜೊತೆಯೂ ಮಿಗುವಂತಿಲ್ಲ ಎಂದು ಅವನ ಕಷ್ಟ. ಆಗ ಲ್ಯೂಕಸ್ ಎಂಬ ಕ್ಯಾಪ್ಟನ್ ಮುಂದೆ ಬಂದು, ಮಿಕ್ಕ ಆ ಒಂದು ಜೊತೆಯನ್ನೂ ತನ್ನ ಕಾಲಿಗೇ ಹಾಕಬೇಕೆಂದು ಕೇಳಿಕೊಂಡನಂತೆ. ಹಾಗೆ ಮಾಡಬೇಕಾಗಿ ಬರಲಿಲ್ಲ. ಬೇರ್ಡನಿಗೆ ಗಾಯ ಮಾಯುವವರೆಗೆ ವಿನಾಯಿತಿ ದೊರೆಯಿತು. ಗಾಯ ಮಾದ ಮೇಲೆ ಅವನ ಕಾಲಿಗೂ ಕಬ್ಬಿಣ ಬಂದಿತು. ಲ್ಯೂಕಸ್ ಸೆರೆಯಿಂದ ಹಿಂದಿರುಗಲಿಲ್ಲ. ಬೇರ್ಡ್ ಮನೆತನದಲ್ಲಿ ಮುಂದೆ ಜೋಪಾನವಾದ ವಸ್ತುಗಳಲ್ಲಿ ಕತ್ತಿಯೊಂದು ಇತ್ತೆಂಬುದನ್ನು ಎಲ್ಲರೂ ಬಲ್ಲರು. ನನಗಾದರೋ, ಕಾಪಿಡತಕ್ಕದ್ದು ಏನಾದರೂ ಇದ್ದರೆ ಅದು ಲ್ಯೂಕಸನು ಕೇಳಿಕೊಂಡ ಆ ಬೇಡಿಯ ಜೊತೆ ಎಂದು ತೋರುತ್ತದೆ.

ಇನ್ನೊಂದು ಕಥೆ ಸ್ಕಾಟ್ಲೆಂಡಿನ ಮನೆಯದು. ಸೆರೆಯಾಳುಗಳನ್ನು ಇಬ್ಬಿಬ್ಬರಂತೆ ಜೋಡಿಸಿ ಸಂಕೋಲೆ ತೊಡಿಸಿದ್ದಾರೆಂಬ ವದಂತಿ ನ್ಯೂಬೈತಿಗೆ ಮುಟ್ಟಿದಾಗ, ಡೇವಿಡನ ತಾಯಿ ಮಗನಿಗಾಗಿ ಮರುಗದೆ, ಅವನ ಜೊತೆಗೆ ಬಿಗಿಸಿಕೊಂಡ ಆ ಇನ್ನೊಬ್ಬ ಪುಣ್ಯಾತ್ಮನಿಗಾಗಿ ಮರುಗಿದಳಂತೆ. ಮಗನ ಸ್ವಭಾವವನ್ನು ಹೆತ್ತವಳಿಗಿಂತ ಬಲ್ಲವರು ಯಾರು? ಅವನ ಇಡೀ ಚರಿತ್ರೆಗೆ ಈ ತಾಯಿಯ ಮರುಕವೇ ಒಳ್ಳೆಯ ಮುನ್ನುಡಿ. ಬೇರ್ಡನನ್ನು ಮೆಚ್ಚಿದವರೂ ಅವನ ಜೊತೆಗೆ ಬಿಗಿಸಿಕೊಳ್ಳಲು ಇಷ್ಟಪಡಲಿಲ್ಲ.

ಸೆರೆಮನೆಯೊಳಗೆ ಜ್ವರ, ಆಮಶಂಕೆ, ಹಸಿವು. ಒಬ್ಬೊಬ್ಬರಾಗಿ ಸತ್ತರು. ಹೊರಗೆ ಹೈದರಾಲಿ 1782ರ ಡಿಸೆಂಬರಿನಲ್ಲಿ ತೀರಿಕೊಂಡು ಟಿಪ್ಪು ಪಟ್ಟವೇರಿದನು. ಕುಂಪಣಿಯೊಡನೆ 1784ರ ಮಾರ್ಚಿಯಲ್ಲಿ ಮಂಗಳೂರಿನ ಒಪ್ಪಂದವಾಯಿತು. ಒಪ್ಪಂದದ ಮೇರೆಗೆ ಸೆರೆಯಾಳುಗಳ ಬಿಡುಗಡೆಯಾಗಿ, ಬೇರ್ಡನು ಘಟ್ಟವಿಳಿದು ಮದರಾಸಿನಲ್ಲಿ ತನ್ನ ಪಲ್ಟನನ್ನು ಸೇರಿಕೊಂಡನು. ಅಲ್ಲಿಂದ ಮುಂದಿನ ಹದಿನೈದು ವರ್ಷಗಳನ್ನು ಬೇಗನೆ ದಾಟಬಹುದು. ರಜೆಯ ಮೇಲೆ ಊರಿಗೆ ಹೋಗಿ, ಬಡ್ತಿ ಪಡೆದು, 1791ರಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿ ಮರಳಿ ಬಂದನು. ಕಾರ್ನ್‌ವಾಲಿಸನ ಸೈನ್ಯದಲ್ಲಿ ಇದ್ದುಕೊಂಡು 1792ರ ಮುತ್ತಿಗೆಯಲ್ಲಿ ಶ್ರೀರಂಗಪಟ್ಟಣದ ಗೋಪುರಗಳನ್ನು ಹೊರಗಿನಿಂದ ಕಂಡನು. ಒಳಹೊಗುವ ಸಂದರ್ಭ ಬರಲಿಲ್ಲ. ಟಿಪ್ಪು ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನು ಒತ್ತೆಯಾಗಿಯೂ ಕೊಟ್ಟು ಕೋಟೆಯನ್ನು ಉಳಿಸಿಕೊಂಡನು. ಆಮೇಲೆ ಪುದುಚೇರಿ, ಗುಡ್‌ಹೋಪ್ ಭೂಶಿರ. 1798ರಲ್ಲಿ ಮೇಜರ್ ಜನರಲ್ ಆಗಿ ಮತ್ತೆ ಮದರಾಸು.

ಈ ಸಲ ಅವನಿಗೊಂದು ಹೊಸ ಅಸಮಾಧಾನ ಕಾದಿತ್ತು. ಗವರ್ನರ್ ಜನರಲ್ ಮಾರ್ನಿಂಗ್ಟನ್ ಪ್ರಭುವಿನ ತಮ್ಮ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ ಎಂದು ಜಗತ್ಪ್ರಸಿದ್ಧನಾದವನು, ಆಗ ಬರಿಯ ಕರ್ನಲ್. ನಿಜಾಮನ ದೊಡ್ಡ ಸೈನ್ಯದ ಮುಂದಾಳ್ತನವನ್ನು ಅವನಿಗೆ ಕೊಟ್ಟರು. ಹುದ್ದೆಯಲ್ಲಿ ಹಿರಿಯನಾದ ಬೇರ್ಡನಿಗೆ ಒಂದು ಬ್ರಿಗೇಡು. ಅಣ್ಣನ ಕೃಪೆ ತಮ್ಮನಿಗೆ ಎಂದು ಸೈನ್ಯದಲ್ಲಿ ಮಾತಾಯಿತು. ಆದರೂ ಬೇರ್ಡನ ಮನಸ್ಸು ಸಣ್ಣದಾಗಿರಲಿಲ್ಲ. ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗೆ ಸುಲ್ತಾನ್‌ಪೇಟೆಯ ತೋಪಿನಲ್ಲಿ ವೆಲ್ಲೆಸ್ಲಿ ದಾರಿತಪ್ಪಿ, ಏಟು ತಿಂದು, ಹಿಂದೆಗೆದು ಬಂದನು. ಮರುದಿನ ಮತ್ತೆ ದಾಳಿಗೆ ಹೊರಡಬೇಕಾದಾಗ ವೆಲ್ಲೆಸ್ಲಿ ಸಕಾಲಕ್ಕೆ ಬರಲಿಲ್ಲ. ದಂಡನಾಯಕ ಹ್ಯಾರಿಸನು ಬೇರ್ಡನನ್ನೇ ಹೊರಡಲು ಹೇಳಿದನು. ಹಿಂದಿನ ರಾತ್ರಿಯ ಅಪಕೀರ್ತಿಯನ್ನು ತೊಳೆದುಕೊಳ್ಳುವ ಅವಕಾಶ ವೆಲ್ಲೆಸ್ಲಿಗೇ ಸಿಕ್ಕಲೆಂದು ಬೇರ್ಡನು ಸೂಚಿಸಿದನೆಂದೂ, ಅಷ್ಟರಲ್ಲಿ ಬಂದು ಸೇರಿದ ವೆಲ್ಲೆಸ್ಲಿ ಹೋಗಿ ತೋಪನ್ನು ಗೆದ್ದನೆಂದೂ ಹುಕ್ ಬರೆಯುತ್ತಾನೆ. ಈ ಔದಾರ್ಯಕ್ಕೆ ಒಂದು ತಿಂಗಳೊಳಗೆ ದೊರೆತ ಪ್ರತಿಫಲವನ್ನು ಮುಂದೆ ನೋಡೋಣ.

ಕೋಟೆಯ ಪಶ್ಚಿಮೋತ್ತರ ಮೂಲೆಯಲ್ಲಿ ಫಿರಂಗಿಗಳು ಗೋಡೆಯನ್ನು ಒಡೆದವು. ಮೇ ತಿಂಗಳು, ಕಾವೇರಿ ಬತ್ತಿ ಬಂಡೆಗಳು ಮೇಲೆದ್ದಿದ್ದವು. ಒಂದೆರಡು ವಾರಗಳಲ್ಲಿ ಮಳೆಗಾಲ. ಆಮೇಲೆ ಹೊಳೆಯೇ ಕೋಟೆಯ ಕಾವಲು. ಏರಿಹೋಗುವ ದಾಳಿಯ ಮುಂದಾಳ್ತನವನ್ನು ಬೇರ್ಡನು ತಾನಾಗಿಯೇ ಬೇಡಿ ಪಡೆದನು. ಅದು ಸೇಡಿನ ಮಾತೇ? ಅವನ ಚರಿತ್ರಕಾರರು ಹಾಗೆಂದು ಒಪ್ಪುವುದಿಲ್ಲ. ಮೂರು ವರ್ಷ ಬೇಡಿ ತೊಟ್ಟ ಕಾಲುಗಳು ಅದೇ ಗೋಡೆಯತ್ತ ಓಡುವಾಗ ಮನಸ್ಸಿನಲ್ಲಿ ಏನಿದ್ದೀತೆಂದು ನಾವೇ ಊಹಿಸಬಹುದು. ಮೇ 4ರ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ, ಬಿಸಿಲಿಗೆ ಕೋಟೆಯವರು ಊಟ ವಿಶ್ರಾಂತಿಗಳಲ್ಲಿದ್ದಾಗ, ಬೇರ್ಡನು ಕಂದಕದ ಮೇಲೆ ನಿಂತು ಕತ್ತಿ ಹಿರಿದು ಜನವನ್ನು ಕೂಗಿ ಕರೆದು ಮುನ್ನುಗ್ಗಿದನು. ಗೋರೆಯರೂ ಸಿಪಾಯಿಗಳೂ ಕೂಡಿ ನಾಲ್ಕು ಸಾವಿರಕ್ಕೆ ಮಿಕ್ಕ ಜನ ಹೊಳೆಯಲ್ಲಿ ಇಳಿದರು. ಕೆಲವೇ ನಿಮಿಷಗಳಲ್ಲಿ ಒಡೆದ ಗೋಡೆಯ ಮೇಲೆ ಅವರ ಬಾವುಟ ಕಂಡಿತು. ಅಲ್ಲಿಂದ ಗೋಡೆಯ ಮೇಲೆಯೇ ಎಡಕ್ಕೊಂದು ಬಲಕ್ಕೊಂದು ಸಾಲು ಸುತ್ತುಹೊಡೆದವು. ಎಡದ ಸಾಲಿಗೆ ಎದುರಾಗಿ ನಿಂತು ಕಾದಿದವನು ಸ್ವತಃ ಟಿಪ್ಪು. ನೀರುಬಾಗಿಲ ಬಳಿಯ ಇಕ್ಕಟ್ಟಿನಲ್ಲಿ, ಓಡುವವರ ಮತ್ತು ಕೊಲ್ಲುವವರ ನೂಕುನುಗ್ಗಲಿನ ನಡುವೆ, ಗುಂಡು ತಗುಲಿ ಅವನು ಬಿದ್ದನು. ಬಿದ್ದವನು ಸುಲ್ತಾನನೆಂಬುದು ಕೊಂದವರಿಗೇ ತಿಳಿಯಲಿಲ್ಲ.

ಅರಮನೆ ಶರಣಾದ ಮೇಲೆ ಬೇರ್ಡನು ಟಿಪ್ಪುವಿನ ಚಿಕ್ಕ ಮಕ್ಕಳನ್ನು ಕಂಡನು. ಕೋಟೆಯೊಳಗಿನ ಇಂಗ್ಲಿಷ್ ಸೆರೆಯಾಳುಗಳನ್ನು ಕೆಲವು ದಿನಗಳ ಕೆಳಗೆ ಕೊಲ್ಲಿಸಿದ್ದಾರೆಂಬ ಸುದ್ದಿ ಕೇಳಿ ಅವನು ಕಿಡಿಕಿಡಿಯಾಗಿದ್ದನು. ಆದರೂ ಮಕ್ಕಳು ಎದುರು ಬಂದಾಗ ಕೋಪವನ್ನು ನುಂಗಿ, ಅಭಯವಿತ್ತು, ಗೌರವದ ಕಾವಲಿನೊಡನೆ ಹ್ಯಾರಿಸನ ಪಾಳೆಯಕ್ಕೆ ಕಳುಹಿಸಿಕೊಟ್ಟನು. ಕತ್ತಲಾದ ಮೇಲೆ ಪಂಜಿನ ಬೆಳಕಿನಲ್ಲಿ, ಖಿಲ್ಲೇದಾರನು ದಾರಿತೋರಿಸಲು, ಬಾಗಿಲ ಕಮಾನಿನೊಳಗಿನ ಹೆಣಗಳ ರಾಶಿಯಿಂದ ಟಿಪ್ಪುವಿನ ದೇಹವನ್ನು ಎತ್ತಿ ತೆಗೆದರು. ಮೈ ಇನ್ನೂ ಬೆಚ್ಚಗಿತ್ತು. ಜೀವವಿದೆಯೇನೋ ಎಂದು ನಾಡಿ ಹಿಡಿದು ನೋಡಿದರಂತೆ. ಪೊಲ್ಲಿಲೂರಿನ ಬಯಲಿನಲ್ಲಿ ಹೆಣಗಳ ನಡುವೆ ಉಸಿರಾಡುತ್ತ ಬಿದ್ದಿದ್ದವನು ಈಗ ನಿಂತಿದ್ದನು. ಅಂದು ಗೆದ್ದವನು ಬಿದ್ದಿದ್ದನು.

ಆ ರಾತ್ರಿಯೆಲ್ಲ ಊರು ಲೂಟಿಯಾಯಿತು. ಮನೆಮನೆಗೂ ನುಗ್ಗಿ ಸೈನಿಕರು ದೋಚಿದರು. ಮರುದಿನ ಕೆಲವರನ್ನು ಗಲ್ಲಿಗೆ ಹಾಕಿದ ಮೇಲೆಯೇ ಅದು ಅಡಗಿದ್ದು. ಗೆಲವಿನ ವರ್ಣನೆ ಬರೆದ ಆಂಗ್ಲರು ಇದನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ನಾವು ಹಾಗೆ ಮುಗಿಸುವಂತಿಲ್ಲ. ಮುಂದೆ ಹೇಳಲಿರುವ ಕತ್ತಿಯೂ ಆ ಲೂಟಿಯ ರಾಶಿಯಿಂದಲೇ ಬಂದದ್ದು.

ಮೇ 5ರ ಬೆಳಗ್ಗೆ ಬೇರ್ಡನು ತನ್ನ ಅಧಿಕಾರಿಗಳೊಡನೆ ಟಿಪ್ಪುವಿನ ಅರಮನೆಯಲ್ಲಿ ಉಪಾಹಾರಕ್ಕೆ ಕುಳಿತಿದ್ದಾಗ ಆರ್ಥರ್ ವೆಲ್ಲೆಸ್ಲಿ ಹ್ಯಾರಿಸನ ಆಜ್ಞಾಪತ್ರದೊಡನೆ ಒಳಗೆ ಬಂದನು. ಕೋಟೆಯ ಅಧಿಕಾರ ಇನ್ನು ಅವನದು. ಬೇರ್ಡನು ಪಾಳೆಯಕ್ಕೆ ಹಿಂದಿರುಗಬೇಕು. ಆಯಾಸಗೊಂಡ ತನಗೂ ತನ್ನ ಜನಕ್ಕೂ ಬಿಡುವು ಬೇಕೆಂದು ಬೇರ್ಡನೇ ಹಿಂದಿನ ಸಂಜೆ ಕೇಳಿದ್ದನು, ಸರದಿಯಂತೆ ಮುಂದಿನವನು ವೆಲ್ಲೆಸ್ಲಿಯಾಗಿದ್ದನು ಎಂದು ಒಂದು ಪಕ್ಷ. ಒಂದು ರಾತ್ರಿಯ ಬಿಡುವು ಕೇಳಿದರೆ ಕೋಟೆಯನ್ನೇ ಕಸಿದುಕೊಳ್ಳುವುದುಂಟೆ ಎಂದು ಬೇರ್ಡನ ಪಕ್ಷ. ಬೇರ್ಡನಿಗೆ ಧೈರ್ಯವಿತ್ತು, ನಯವಿರಲಿಲ್ಲ, ಸೆರೆಯ ದಿನಗಳು ಈ ನಾಡಿನ ಜನರ ಬಗ್ಗೆ ಅವನ ಮನಸ್ಸನ್ನು ಕಹಿಮಾಡಿದ್ದವು, ಆದ್ದರಿಂದ ಸೋತ ಊರನ್ನು ಸಂತೈಸಿ ಆಳುವ ಕೆಲಸಕ್ಕೆ ಅವನು ತಕ್ಕವನಲ್ಲ ಎಂದು ವೆಲಿಂಗ್ಟನ್ ತನ್ನ ಮುಪ್ಪಿನಲ್ಲಿ ಅಭಿಪ್ರಾಯಪಟ್ಟಿದ್ದಾನೆ. ಈ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಅದನ್ನು ಹೇಳುವ ಅಧಿಕಾರ ಲಾಭ ಪಡೆದವನಿಗೆ ಎಷ್ಟರಮಟ್ಟಿಗೆ ಇತ್ತೆಂಬುದು ಬೇರೆ ಪ್ರಶ್ನೆ. ನನ್ನ ಮಟ್ಟಿಗೆ ಹೇಳುವುದಾದರೆ, ಶ್ರೀರಂಗಪಟ್ಟಣದ ಜನಕ್ಕೆ ವೆಲ್ಲೆಸ್ಲಿ ಬಂದದ್ದೇ ಒಳ್ಳೆಯದಾಯಿತು. ಬೇರ್ಡನಿಗೆ ಅನ್ಯಾಯವೂ ಆಯಿತು. ವೆಲ್ಲೆಸ್ಲಿಯು ದರಿಯಾ ದೌಲತ್ತಿನಲ್ಲಿ ಬಿಡಾರ ಮಾಡಿ, ಮಾಸಿದ್ದ ಪೊಲ್ಲಿಲೂರಿನ ಚಿತ್ರಕ್ಕೆ ಮತ್ತೆ ಬಣ್ಣ ಹಾಕಿಸಿದನು. ಬೇರ್ಡನ ಹುದ್ದೆಯನ್ನು ಪಡೆದವನೇ ಬೇರ್ಡನ ಸೋಲನ್ನೂ ಗೋಡೆಯ ಮೇಲೆ ಉಳಿಸಿದಂತಾಯಿತು.

ಬೇರ್ಡನು ಹ್ಯಾರಿಸನಿಗೆ ಕಟುವಾದ ಪತ್ರಗಳನ್ನು ಬರೆದನು. ಹ್ಯಾರಿಸನೂ ಗದರಿಸಿ ಉತ್ತರ ಕೊಟ್ಟನು. ಹುದ್ದೆ ಬರಲಿಲ್ಲ. ಬಂದದ್ದು ಕತ್ತಿ. ಅರಮನೆಯ ಒಡವೆ ವಸ್ತುಗಳನ್ನು ಲೆಕ್ಕಹಾಕುವಾಗ ಟಿಪ್ಪುವಿನ ಮಲಗುವ ಕೋಣೆಯಲ್ಲಿ ಕತ್ತಿಯೊಂದು ದೊರೆತಿತ್ತು. 1792ರ ಸೋಲಿನ ಮೇಲೆ ಸುಲ್ತಾನನು ಯಾರನ್ನೂ ನಂಬದೆ, ಚಾವಣಿಯಿಂದ ಇಳಿಬಿಟ್ಟ ತೂಗುಮಂಚದಲ್ಲಿ ಆಯುಧಗಳನ್ನು ಪಕ್ಕದಲ್ಲಿಟ್ಟುಕೊಂಡು ಮಲಗುತ್ತಿದ್ದನೆಂಬ ಪ್ರತೀತಿಯುಂಟು. ಹಿಡಿಯ ಮೇಲೆ ಚಿನ್ನದ ಕುಸುರಿ. ಅಲಗಿನ ಮೇಲೆ ಚಿನ್ನದ ಅಕ್ಷರಗಳಲ್ಲಿ ದೇವರ ನಾಮಗಳು. ಜೊತೆಗೆ ಶಂಶೀರ್-ಇ-ಮಲಿಕ್, ಅಂದರೆ ದೊರೆಯ ಕತ್ತಿ, ಎಂಬ ಬರಹ. ದಾಳಿಯಲ್ಲಿ ತೋರಿದ ಪರಾಕ್ರಮಕ್ಕಾಗಿ ಇಡೀ ಸೈನ್ಯದ ಪರವಾಗಿ ಇದನ್ನು ಬೇರ್ಡನಿಗೆ ಅರ್ಪಿಸಲಾಯಿತು. ಟಿಪ್ಪು ಬಿದ್ದಾಗ ಕೈಯಲ್ಲಿದ್ದ ಕತ್ತಿ ಇದಲ್ಲ. ಅರಮನೆಯ ಆಯುಧಶಾಲೆಯಿಂದ ಹೊರಬಿದ್ದು ಟಿಪ್ಪುವಿನ ಕತ್ತಿಯೆಂಬ ಹೆಸರಿನಿಂದ ನಾನಾ ಕಡೆ ಸೇರಿದವು ಒಂದೆರಡಲ್ಲವಾದ್ದರಿಂದ ಈ ಭೇದವನ್ನು ಗಮನಿಸಬೇಕು. ಬೇರ್ಡನಿಗೆ ದೊರೆತದ್ದು ನಿದ್ದೆಯಿಲ್ಲದ ದೊರೆಯೊಬ್ಬನ ತಲೆದೆಸೆಯ ಕತ್ತಿ.

ಮನೆತನದ ಆಯುಧವೆಂದರೆ ನಮ್ಮ ಕಡೆ ಬೇರೆ ಕಲ್ಪನೆ. ಕೊಡಗಿನ ಐನ್‌ಮನೆಗಳಲ್ಲಿ ಕೈಲ್‌ಪೊಳ್ದಿನ ದಿನ ಹಿರಿಯರ ಒಡಿಕತ್ತಿ, ಕೋವಿಗಳನ್ನು ತೊಳೆದು, ತೋಕ್‌ಪೂ ಮುಡಿಸಿ, ದೀಪದ ಮುಂದಿಟ್ಟು ಪೂಜಿಸುತ್ತಾರೆ. ಬಯಲುಸೀಮೆಯ ಪಾಳೆಯಗಾರರ ವಂಶದವರಲ್ಲಿ ಮಹಾನವಮಿಯ ಆಯುಧಪೂಜೆಗೆ ಪಟ್ಟದ ಕತ್ತಿ ಹೊರಬರುತ್ತದೆ. ಅಲ್ಲಿ ಕತ್ತಿ ಹಿರಿಯನ ಕೈಯ ಮುಂದುವರಿಕೆ. ಹಿಡಿ ಸವೆದಿದ್ದರೆ ಸವೆಸಿದ್ದು ನಮ್ಮ ಅಜ್ಜನ ಅಂಗೈ. ಬೇರ್ಡನ ಮನೆಯಲ್ಲಿ ಇದು ತಿರುಗಮುರುಗ. ಹಿಡಿಯನ್ನು ಹಿಡಿದ ಅಂಗೈ ಶತ್ರುವಿನದು. ಟಿಪ್ಪುವಿನ ಗಂಡುಮಕ್ಕಳು ಹನ್ನೆರಡು ಮಂದಿ ಉಳಿದಿದ್ದರು. ಕತ್ತಿ ಇಳಿಯಬೇಕಾದದ್ದು ಅವರಲ್ಲಿ. ಅವರನ್ನು ಸಂಸಾರಸಮೇತ ವೆಲ್ಲೂರಿನ ಕೋಟೆಗೆ ಸಾಗಿಸಿದರು. 1806ರಲ್ಲಿ ಅಲ್ಲಿ ಸಿಪಾಯಿಗಳ ದಂಗೆಯಾದ ಮೇಲೆ ಕಲ್ಕತ್ತೆಗೆ ಕಳುಹಿಸಿಬಿಟ್ಟರು. ತಂದೆಯ ತಲೆದೆಸೆಯ ಕತ್ತಿಯನ್ನು ಆ ಮಕ್ಕಳು ಮತ್ತೆ ಕಾಣಲಿಲ್ಲ.

ಕತ್ತಿ ಪಡೆದವನ ಬಾಳಾದರೂ ನೆಮ್ಮದಿಯಾಯಿತೇ? ಪಾರ್ಲಿಮೆಂಟು ವಂದನೆ ಸಲ್ಲಿಸಿತು. ಕುಂಪಣಿ ವಿಶ್ರಾಂತಿವೇತನ ಕೊಡುವೆನೆಂದಿತು. ದೊರೆಯಿಂದ ಬಿರುದು ಬರಬಹುದೆಂಬ ಆಸೆಯಿಂದ ಅವನು ಅದನ್ನು ಬೇಡವೆಂದನು. ಬಿರುದು ಆಗ ಬರಲಿಲ್ಲ. 1801ರಲ್ಲಿ ಈಜಿಪ್ಟಿನ ಫ್ರೆಂಚರ ಮೇಲೆ ಭಾರತದಿಂದ ಸೈನ್ಯ ಹೊರಟಾಗ ಮುಂದಾಳ್ತನ ಬೇರ್ಡನದು, ಅವನ ಕೈಕೆಳಗೆ ಎರಡನೆಯವನು ವೆಲ್ಲೆಸ್ಲಿ. ಈ ಸಲ ವೆಲ್ಲೆಸ್ಲಿಗೆ ಮುನಿಸು. ಆದರೆ ಮುಂಬಯಿಯಲ್ಲಿ ಜ್ವರ ಬಂದು ಅವನು ಉಳಿದುಕೊಂಡನು. ಅವನು ಹತ್ತಬೇಕಾಗಿದ್ದ ಹಡಗು ಮಾರ್ಗದಲ್ಲಿ ಮುಳುಗಿಹೋಯಿತು. ಬೇರ್ಡನು ಕೆಂಪು ಸಮುದ್ರದ ಕೊಸೈರಿನಲ್ಲಿ ಇಳಿದು, ನಮ್ಮ ದೇಶದ ಸಿಪಾಯಿಗಳನ್ನು ನೀರಿಲ್ಲದ ಮರುಭೂಮಿಯಲ್ಲಿ ರಾತ್ರಿ ನಡೆಸಿಕೊಂಡು ನೈಲ್ ನದಿ ಮುಟ್ಟಿಸಿ, ದೋಣಿಗಳಲ್ಲಿ ಕೈರೋವರೆಗೆ ಇಳಿಸಿದನು. ಸಾಹಸದ ದೃಷ್ಟಿಯಿಂದ ಅವನ ಕೆಲಸಗಳಲ್ಲಿ ಇದೇ ಶ್ರೇಷ್ಠವೆಂದು ಹೇಳಬೇಕು. ಆದರೆ ಅವನು ಬರುವಷ್ಟರಲ್ಲಿ ಕೈರೋ ಶರಣಾಗಿತ್ತು. 1802ರಲ್ಲಿ ಭಾರತಕ್ಕೆ ಮರಳಿದನು. ಮರಾಠರ ಮೇಲಿನ ಯುದ್ಧದಲ್ಲಿ ಮತ್ತೆ ವೆಲ್ಲೆಸ್ಲಿಗೇ ಮನ್ನಣೆ. ಬೇರ್ಡನು ಬೇಸತ್ತು ಹುದ್ದೆ ಬಿಟ್ಟು ಹಡಗು ಹತ್ತಿದನು. ಮತ್ತೆ ಈ ನೆಲವನ್ನು ತುಳಿಯಲಿಲ್ಲ.

1806ರ ಜನವರಿಯಲ್ಲಿ ಬ್ಲಾವ್‌ಬರ್ಗಿನ ಕಾಳಗ ಗೆದ್ದು ಡಚ್ಚರಿಂದ ಗುಡ್‌ಹೋಪ್ ಭೂಶಿರವನ್ನು ಪಡೆದನು, ಮರುವರ್ಷ ಕೋಪನ್‌ಹೇಗನ್. 1808ರಲ್ಲಿ ಸರ್ ಜಾನ್ ಮೂರನ ಎರಡನೆಯವನಾಗಿ ಸ್ಪೇನಿಗೆ ಹೋದನು. 1809ರ ಜನವರಿ 16ರಂದು ಕೊರುನ್ನಾದಲ್ಲಿ ಮೂರ್ ಮಡಿದನು. ಬೇರ್ಡನ ಎಡತೋಳು ಗುಂಡಿಗೆ ನುಚ್ಚಾಗಿ, ಭುಜದ ಬುಡದಲ್ಲಿ ಕತ್ತರಿಸಬೇಕಾಯಿತು. ಅಲ್ಲಿಗೆ ರಣರಂಗ ಮುಗಿಯಿತು. ಅದೇ ವರ್ಷ ವಂಶಪಾರಂಪರ್ಯವಾಗಿ ನಡೆಯತಕ್ಕ ಬ್ಯಾರೊನೆಟ್ ಪದವಿ ದೊರೆಯಿತು. ಕಿರಿಯ ಮಗನಾಗಿ ಹುಟ್ಟಿ ಏನನ್ನೂ ಪಡೆಯದೆ ಹೊರಟವನ ಕೈಯಲ್ಲಿ ಈಗ ಕೊಡಲು ಎರಡು ವಸ್ತುಗಳಿದ್ದವು: ಒಂದು ಪದವಿ, ಒಂದು ಕತ್ತಿ. ಕೊಡಲು ಮಕ್ಕಳಿರಲಿಲ್ಲ. 1810ರಲ್ಲಿ, ಐವತ್ತು ದಾಟಿದ ಮೇಲೆ, ಫರ್ನ್‌ಟವರಿನ ಜಮೀನ್ದಾರಿಣಿ ಆನ್ ಪ್ರೆಸ್ಟನ್ ಕ್ಯಾಂಬೆಲಳನ್ನು ಮದುವೆಯಾದನು; ಸಂತಾನವಾಗಲಿಲ್ಲ. ಕೆಲವು ವರ್ಷ ಐರ್ಲೆಂಡಿನ ಸೇನಾಧಿಪತಿಯಾಗಿದ್ದು, 1829ರ ಆಗಸ್ಟ್ 18ರಂದು ಫರ್ನ್‌ಟವರಿನಲ್ಲಿ ತೀರಿಕೊಂಡನು. ಪದವಿ ಅಣ್ಣನ ಮಗನಿಗೆ ಸಂದಿತು. ಕತ್ತಿಯೂ ಬೇರ್ಡ್ ಮನೆತನದಲ್ಲಿ ಉಳಿಯಿತು. ಯಾವ ಹಿರಿಯ ಶಾಖೆಯಿಂದ ಅವನಿಗೆ ಪಾಲು ಸಿಗಲಿಲ್ಲವೋ ಆ ಶಾಖೆಗೇ ಅವನ ಗಳಿಕೆ ಸೇರಿತೆಂಬುದು ವಿಧಿಯ ವಿನೋದ.

ಗಂಡನ ಕೀರ್ತಿಯನ್ನು ಕಾಯುವ ಭಾರವನ್ನು ವಿಧವೆ ಹೊತ್ತುಕೊಂಡಳು. ಕ್ರೀಫ್ ಊರಿನ ಹತ್ತಿರದ ಗುಡ್ಡದ ಮೇಲೆ ಈಜಿಪ್ಟಿನ ಶಿಲಾಸ್ತಂಭದ 
ಮಾದರಿಯಲ್ಲಿ ಎತ್ತರದ ಕಂಬ ನಿಲ್ಲಿಸಿದಳು. ಹುಕ್ ಬರೆದ ಚರಿತ್ರೆಯ ಎರಡು ಸಂಪುಟಗಳು 1832ರಲ್ಲಿ ಹೊರಬಂದವು. ಪ್ರಸಿದ್ಧ ಚಿತ್ರಕಾರ ಡೇವಿಡ್ ವಿಲ್ಕಿಯಿಂದ ದೊಡ್ಡದೊಂದು ಪಟವನ್ನು ಬರೆಸಿದಳು. ಅದು 1839ರಲ್ಲಿ ಜನರ ಮುಂದೆ ಬಂದಿತು. ಟಿಪ್ಪುವಿನ ದೇಹವನ್ನು ಬೇರ್ಡನು ಕಂಡುಹಿಡಿದ ಸಂದರ್ಭವೇ ಚಿತ್ರದ ವಸ್ತು. ಕಮಾನಿನ ಕೆಳಗೆ, ದೀಪದ ಬೆಳಕಿನಲ್ಲಿ ಬೇರ್ಡನು ಎರಡೂ ತೋಳುಗಳೊಡನೆ ತುಂಬು ಯೌವನದಲ್ಲಿ ನಿಂತಿದ್ದಾನೆ. ಮುಂದೆ ಸುಲ್ತಾನನ ದೇಹ. ವಿಲ್ಕಿ ಒಂದು ಸೂಕ್ಷ್ಮವನ್ನು ಬಿಡಲಿಲ್ಲ: ಬೇರ್ಡನ ಕಾಲಕೆಳಗೆ, ನೆಲದ ಮಟ್ಟದಲ್ಲಿ, ಕತ್ತಲೆಯ ಸೆರೆಮನೆಯೊಂದರ ಕಬ್ಬಿಣದ ಸರಳುಗಳನ್ನು ಬರೆದನು.

ಕತ್ತಿ ಬಹುಕಾಲ ಬೇರ್ಡನ ವಂಶಸ್ಥರ ವಶದಲ್ಲಿದ್ದು, ಕಡೆಗೆ ಮನೆ ಬಿಟ್ಟು ಮಾರಾಟದ ಅಂಗಳಕ್ಕೆ ಬಂದಿತು. 2023ರ ಮೇ 23ರಂದು ಲಂಡನ್ನಿನ ಬೋನಮ್ಸ್ ಹರಾಜು ಮನೆಯಲ್ಲಿ ಮಲಗುವ ಕೋಣೆಯ ಈ ಕತ್ತಿಯನ್ನು ಕೂಗಿದರು. ಹದಿನೈದರಿಂದ ಇಪ್ಪತ್ತು ಲಕ್ಷ ಪೌಂಡಿಗೆ ಹೋದೀತೆಂದು ಅಂದಾಜಿತ್ತು. ಹೋದದ್ದು ಒಂದು ಕೋಟಿ ನಲವತ್ತು ಲಕ್ಷ ಪೌಂಡಿಗೆ. ಕೂಗಿದ ಹೆಸರು ಟಿಪ್ಪು ಸುಲ್ತಾನನದು. ಬೇರ್ಡನ ಹೆಸರು, ಕತ್ತಿ ಯಾರ ಯಾರ ಕೈದಾಟಿ ಬಂದಿತೆಂಬ ವಿವರದಲ್ಲಿ ಬಂದಿತು.